2008ರ ನವೆಂಬರ್ 4ರ ರಾತ್ರಿ: ಮತದಾರರ ನೆನಪಿನ ಬರಹದಲ್ಲಿ ಹೊತ್ತು, ಅಂಕಿ ಸರಿಮಾಡಿಕೊಳ್ಳುವುದು ಹೇಗೆ?

ನದಿತೀರ:
ಕನ್ನಡ ಸಂಘದ ಸ್ಮರಣ ಸಂಚಿಕೆಗೆ, ಬರಾಕ್ ಒಬಾಮ ಗೆದ್ದ ರಾತ್ರಿ ಅಮೆರಿಕದ ಮತದಾರರಾಗಿ ಅನಿಸಿದ್ದನ್ನು ಬರೆಯುತ್ತಿದ್ದೇನೆ. ಭಾವನೆಗೆ ಕೊರತೆಯಿಲ್ಲ, ವಿವರದಲ್ಲಿ ಎಡವಬಾರದು. ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಪಶ್ಚಿಮ ಕರಾವಳಿಯಲ್ಲಿ ಎಣಿಕೆಯೇ ಶುರುವಾಗದ ಹೊತ್ತಿನಲ್ಲಿ, ಪೂರ್ವ ಕರಾವಳಿಯ ಗಡಿಯಾರದಲ್ಲಿ ಸರಿಯಾಗಿ ರಾತ್ರಿ 11 ಗಂಟೆಗೆ ಟಿವಿಯವರು ಗೆಲುವು ಸಾರಿದ್ದು ಹೇಗೆ? ಊರಿನವರೆಲ್ಲ "ಬೆಳಿಗ್ಗೆ ನೋಡಿದೆವು" ಅನ್ನುತ್ತಾರೆ, ಹಾಗಾದರೆ ಯಾವ ತಾರೀಖು ಹಾಕಲಿ? "365 ಎಂದು ಪರದೆ ಮೇಲೆ ಕಂಡಾಗ ಕಣ್ಣು ತುಂಬಿತು" ಎಂಬ ಸಾಲು ಕರಡಿನಲ್ಲಿದೆ, ಉಳಿಸಬಹುದೇ?

ಬಾಲ್ಟಿಮೋರ್ ಕನ್ನಡಿಗ:
ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಆ ಸಾಲು ತೆಗೆಯಿರಿ. 365 ಎಂಬ ಅಂಕಿ, ಅಂದರೆ ರಾಜ್ಯವಾರು ಹಂಚಿದ ಎಲೆಕ್ಟರ್ ಮತಗಳಲ್ಲಿ ಒಬಾಮಗೆ ಕೊನೆಗೆ ಸಿಕ್ಕ ಮೊತ್ತ, ಆ ರಾತ್ರಿ ಯಾರ ಪರದೆಯ ಮೇಲೂ ಇರಲಿಲ್ಲ. ಇಂಡಿಯಾನಾದ 11 ಇತ್ಯರ್ಥವಾದದ್ದು ನಡುರಾತ್ರಿ ಕಳೆದ ಮೇಲೆ. ನಾರ್ತ್ ಕ್ಯಾರೊಲಿನಾದ 15 ಎರಡು ದಿನ ತಡವಾಗಿ ಬಂತು. ನೆಬ್ರಾಸ್ಕಾದ ಎರಡನೇ ಜಿಲ್ಲೆಯ ಒಂದು ಮತ ಖಚಿತವಾದದ್ದು ಆ ವಾರದ ಕೊನೆಗೆ. ಆ ರಾತ್ರಿ ಎಲ್ಲರೂ ಕಾದದ್ದು ಗೆಲುವಿಗೆ ಬೇಕಾದ 270 ಮುಟ್ಟುವುದನ್ನು, ನಿಮ್ಮ ಬರಹವೂ ಅಲ್ಲೇ ನಿಲ್ಲಲಿ. ಆ ಹೊತ್ತಿಗೆ ಗೊತ್ತಿದ್ದುದನ್ನಷ್ಟೇ ಬರೆದರೆ ಓದುವವರೂ ನಿಮ್ಮ ಜೊತೆ ಕಾಯುತ್ತಾರೆ. 365–173 ಎಂಬುದನ್ನು ಅಡಿಟಿಪ್ಪಣಿಗೆ ಹಾಕಿ.

ತಾರೀಖಿನ ವಿಚಾರ. ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆ ಸಮಯ ನವೆಂಬರ್ 2ಕ್ಕೇ ಮುಗಿದಿತ್ತು, ಆದ್ದರಿಂದ ಪೂರ್ವ ಕರಾವಳಿಗೂ ಭಾರತಕ್ಕೂ ಅಂತರ ಹತ್ತೂವರೆ ಗಂಟೆ. ಒಂಬತ್ತೂವರೆ ಎಂದು ಲೆಕ್ಕ ಹಾಕಿ ಒಂದು ಗಂಟೆ ತಪ್ಪಿಸುವವರೇ ಜಾಸ್ತಿ. ಇಲ್ಲಿ ಮಂಗಳವಾರ ರಾತ್ರಿ 11 ಎಂದರೆ ಬೆಂಗಳೂರಿನಲ್ಲಿ ಬುಧವಾರ, ನವೆಂಬರ್ 5, ಬೆಳಿಗ್ಗೆ 9:30. ಒಬಾಮ ಭಾಷಣ ಶುರುವಾದದ್ದು ಇಲ್ಲಿ ಸುಮಾರು ನಡುರಾತ್ರಿ, ಅಲ್ಲಿ ಹತ್ತೂವರೆ. ಭಾಷಣ ನಡೆದ ಶಿಕಾಗೋ ಪೂರ್ವ ಕರಾವಳಿಗಿಂತ ಒಂದು ಗಂಟೆ ಹಿಂದೆ, ಅಲ್ಲಿ ಆಗ 11. ಬರಹದ ಶುರುವಿನಲ್ಲೇ ಯಾವ ಊರಿನ ಗಡಿಯಾರ ಎಂದು ಒಮ್ಮೆ ಹೇಳಿ, ಕೊನೆವರೆಗೆ ಅದನ್ನೇ ಹಿಡಿದು ಹೋಗಿ.

ಎಣಿಕೆ ಲೆಕ್ಕ:
11 ಗಂಟೆಯದ್ದು ನಾನು ಹೇಳುತ್ತೇನೆ. ಅಂದಿನ ಕಾತರ ಎಣಿಕೆಯದ್ದಲ್ಲ, ಮತಗಟ್ಟೆ ಮುಚ್ಚುವ ಹೊತ್ತಿನದ್ದು. ಒಂದು ರಾಜ್ಯದಲ್ಲಿ ಮತದಾನ ಮುಗಿಯುವ ತನಕ ಆ ರಾಜ್ಯದ ಫಲಿತಾಂಶ ಹೇಳುವುದಿಲ್ಲ ಎಂಬುದು ಟಿವಿ ಜಾಲಗಳು ಒಪ್ಪಿಕೊಂಡ ಕಟ್ಟುಪಾಡು. 1980ರಲ್ಲಿ ಪಶ್ಚಿಮದ ಮತಗಟ್ಟೆಗಳು ಇನ್ನೂ ತೆರೆದಿರುವಾಗಲೇ ರೇಗನ್ ಗೆದ್ದರೆಂದು ಸಾರಿ, ಆಗಿನ ಅಧ್ಯಕ್ಷ ಕಾರ್ಟರ್ ಕೂಡ ಸೋಲೊಪ್ಪಿಕೊಂಡು ದೊಡ್ಡ ಗಲಾಟೆಯಾಗಿತ್ತು. 2008ರಲ್ಲಿ ಪೆನ್ಸಿಲ್ವೇನಿಯಾದ 21 ಮತ್ತು ಒಹಾಯೊದ 20 ಒಬಾಮಗೆ ಬಂದಾಗಲೇ ಎದುರಾಳಿ ಮೆಕೇನ್‌ಗೆ ದಾರಿ ಮುಚ್ಚಿತ್ತು. ಹನ್ನೊಂದಕ್ಕೆ ಮೊದಲೇ ಒಬಾಮ 200 ದಾಟಿದ್ದರು. 11ಕ್ಕೆ ಕ್ಯಾಲಿಫೋರ್ನಿಯಾ 55, ವಾಷಿಂಗ್ಟನ್ 11, ಒರೆಗಾನ್ 7, ಹವಾಯಿ 4, ಒಟ್ಟು 77 ಮತಗಳ ರಾಜ್ಯಗಳು ಒಟ್ಟಿಗೆ ಮುಚ್ಚಿದವು. ಲೆಕ್ಕ ಮುಗಿಯಿತು.

ಎಣಿಸದೆ ಹೇಗೆ ಗೊತ್ತಾಯಿತು? ಆರಿಸಿದ ಕೆಲವು ಮತಗಟ್ಟೆಗಳ ಹೊರಗೆ, ಇಷ್ಟು ಜನಕ್ಕೆ ಒಬ್ಬರಂತೆ ಮತ ಹಾಕಿ ಬಂದವರನ್ನು ನಿಲ್ಲಿಸಿ, ಯಾರಿಗೆ ಮತ ಹಾಕಿದಿರೆಂದು ಕೇಳುವ ಚೀಟಿ ಕೊಡುತ್ತಾರೆ. ಅವರು ಹೆಸರು ಬರೆಯದೆ ತುಂಬಿ ಡಬ್ಬಿಗೆ ಹಾಕುತ್ತಾರೆ. ಅಂಚೆಯಲ್ಲಿ ಅಥವಾ ಮುಂಚೆಯೇ ಮತ ಹಾಕಿದವರನ್ನು ಫೋನಿನಲ್ಲಿ ಕೇಳುತ್ತಾರೆ. ಒರೆಗಾನ್‌ನಲ್ಲಿ ಎಲ್ಲವೂ ಅಂಚೆ ಮತ, ಹಾಗಾಗಿ ಫೋನೇ ಗತಿ. ಅಂತರ ದೊಡ್ಡದಿದ್ದರೆ ಇಷ್ಟು ಸಾಕು. ಹತ್ತಿರದ ಪೈಪೋಟಿಯಲ್ಲಿ ಮಾದರಿ ಮತಗಟ್ಟೆಗಳ ನಿಜವಾದ ಎಣಿಕೆ ಬರುವ ತನಕ ಕಾಯಲೇಬೇಕು. ಕಾಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 2000ದ ಫ್ಲೋರಿಡಾ ಇದೆ: ಅಲ್ಲಿನ ಗೆಲುವನ್ನು ಟಿವಿಯವರು ಸಂಜೆ ಅಲ್ ಗೋರ್‌ಗೆ ಕೊಟ್ಟು ವಾಪಸ್ ಪಡೆದರು, ನಡುರಾತ್ರಿ ಕಳೆದು ಬುಷ್‌ಗೆ ಕೊಟ್ಟು ಅದನ್ನೂ ವಾಪಸ್ ಪಡೆದರು. ಕೊನೆಗೆ ಉಳಿದ ಅಂತರ 537 ಮತ.

ಕರಡು ತಿದ್ದುವವರು:
ಅಂಕಿಯಷ್ಟೇ ಮುಖ್ಯ ಆ ರಾತ್ರಿಯ ಕ್ರಮ. ಮೊದಲು ಮಾತಾಡಿದ್ದು ಸೋತವರು. ಮೆಕೇನ್ ಫೀನಿಕ್ಸ್‌ನಲ್ಲಿ, ಪೂರ್ವ ಕರಾವಳಿಯ ಗಡಿಯಾರದಲ್ಲಿ 11:20ರ ಆಸುಪಾಸು. ಒಬಾಮ ಹೆಸರು ಬಂದಾಗ ಮೆಕೇನ್ ಬೆಂಬಲಿಗರು ಕೂಗಾಡಿದರು, ಮೆಕೇನ್ ಕೈ ಎತ್ತಿ ಸುಮ್ಮನಾಗಿಸಿದರು. ಕಪ್ಪು ಜನರ ಮುಖಂಡ ಬುಕರ್ ಟಿ. ವಾಷಿಂಗ್ಟನ್ ಅವರನ್ನು ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಶ್ವೇತಭವನಕ್ಕೆ ಊಟಕ್ಕೆ ಕರೆದದ್ದಕ್ಕೇ ಹಿಂದೆ ಎಷ್ಟು ಜನ ಸಿಟ್ಟಾಗಿದ್ದರೆಂದು ನೆನಪಿಸಿದರು. ನನ್ನ ಮಟ್ಟಿಗೆ ಆ ರಾತ್ರಿಯ ಅತ್ಯಂತ ಘನವಾದ ಗಳಿಗೆಗಳಲ್ಲಿ ಇದೂ ಒಂದು. ಬಹಳ ಜನ ಇದನ್ನು ಬಿಟ್ಟು ನೇರ ಶಿಕಾಗೋಗೆ ಹಾರುತ್ತಾರೆ, ನೀವು ಹಾಗೆ ಮಾಡಬೇಡಿ.

ಒಬಾಮ ಭಾಷಣ ನಡೆದ ಶಿಕಾಗೋದ ಗ್ರ್ಯಾಂಟ್ ಪಾರ್ಕ್ ಬಗ್ಗೆ ಬರೆಯುವಾಗ ಒಬಾಮ ಅವರ ಎಡಬಲಕ್ಕೆ ನಿಂತಿದ್ದ ಗುಂಡು ನಿರೋಧಕ ಗಾಜನ್ನು ಮರೆಯಬೇಡಿ. ಸಂಭ್ರಮದ ನಡುವೆ ಇದ್ದ ಭಯ ಆ ಗಾಜಿನಲ್ಲಿ ಕಾಣುತ್ತದೆ. ಜನಸಂದಣಿಯಲ್ಲಿ ಅಳುತ್ತಿದ್ದ ಜೆಸ್ಸಿ ಜಾಕ್ಸನ್ ಯಾರೆಂದು ಒಂದು ಸಾಲಿನಲ್ಲಿ ಹೇಳಿ: 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದಾಗ ಮೆಂಫಿಸ್‌ನಲ್ಲಿದ್ದವರು, 1984 ಮತ್ತು 1988ರಲ್ಲಿ ತಾವೇ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ಸ್ಪರ್ಧಿಸಿದವರು. ಇಷ್ಟು ತಿಳಿದರೆ ಊರಿನ ಓದುಗರಿಗೆ ಆ ಕಣ್ಣೀರು ಅರ್ಥವಾಗುತ್ತದೆ.

ನದಿತೀರ:
ತುಂಬಾ ಉಪಕಾರವಾಯಿತು. ಅಡಿಟಿಪ್ಪಣಿಗೆ ಇನ್ನೊಂದು: ಮಿಸೌರಿ ಯಾರಿಗೆ ಹೋಯಿತು? ಮತ್ತೆ, ಇಡೀ ರಾತ್ರಿಯನ್ನು ಸಂತೋಷವಾಗಿಯೇ ಬರೆಯಬಹುದಲ್ಲವೇ?

ಎಣಿಕೆ ಲೆಕ್ಕ:
ಮಿಸೌರಿ ಮೆಕೇನ್‌ಗೆ, 4,000ಕ್ಕೂ ಕಡಿಮೆ ಅಂತರದಲ್ಲಿ. ತೀರ್ಮಾನಕ್ಕೆ ಎರಡು ವಾರ ಹಿಡಿಯಿತು.

ಕರಡು ತಿದ್ದುವವರು:
ನೀವು ಮತ ಹಾಕಿದ್ದು ಕ್ಯಾಲಿಫೋರ್ನಿಯಾದಲ್ಲಾದರೆ ಹಾಗೆ ಬರೆಯಲಾಗದು. ಒಬಾಮಗೆ ಭಾರೀ ಬಹುಮತ ಕೊಟ್ಟ ಅದೇ ಮತಪತ್ರದಲ್ಲಿ, ಸಲಿಂಗ ವಿವಾಹವನ್ನು ನಿಷೇಧಿಸುವ 8ನೇ ಪ್ರಸ್ತಾವವೂ ಸುಮಾರು 52 ಶೇಕಡಾ ಮತ ಪಡೆದು ಗೆದ್ದಿತು. ಒಂದೇ ರಾತ್ರಿ ಒಂದೇ ಬೀದಿಯಲ್ಲಿ ಕುಣಿದವರೂ ಇದ್ದರು, ತಮ್ಮ ಮದುವೆ ಉಳಿಯುತ್ತದೋ ಇಲ್ಲವೋ ಎಂದು ಕುಳಿತವರೂ ಇದ್ದರು. ಅದನ್ನು ಬರೆಯಿರಿ. ಮತ್ತೊಂದು, ಕರಡಿನಲ್ಲಿ ಎಲ್ಲಾದರೂ ಆ ರಾತ್ರಿಯ ಒಬಾಮರನ್ನು "ಅಧ್ಯಕ್ಷ" ಎಂದಿದ್ದರೆ ತಿದ್ದಿ. ಎಲೆಕ್ಟರ್‌ಗಳು ಮತ ಹಾಕಿದ್ದು ಡಿಸೆಂಬರ್ 15ಕ್ಕೆ, ಪ್ರಮಾಣವಚನ 2009ರ ಜನವರಿ 20ಕ್ಕೆ. ಅಲ್ಲಿಯ ತನಕ ಶ್ವೇತಭವನದಲ್ಲಿದ್ದದ್ದು ಬುಷ್.