ಇಲ್ಲಣದಂತಹ ಧೂಳು ಬಂಡೆಯಾದದ್ದು ಹೇಗೆ?

ತುಂಗಾತೀರದವ, ತೀರ್ಥಹಳ್ಳಿ (ಪ್ರಶ್ನೆ)

ಮಗಳಿಗೆ ವಿಜ್ಞಾನದ ಪಾಠ ಹೇಳಿಕೊಡುವಾಗ ಎದುರಾದ ಸಂದೇಹವಿದು. ಅನಿಲ ಮತ್ತು ಧೂಳಿನ ಮೋಡವೊಂದು ಕುಸಿದು ನಡುವೆ ಸೂರ್ಯ ಹುಟ್ಟಿದನೆಂದೂ, ಸುತ್ತ ಉಳಿದ ಧೂಳು ಒಂದಕ್ಕೊಂದು ಅಂಟಿಕೊಂಡು ಗ್ರಹಗಳಾದವೆಂದೂ ಓದಿದ್ದೇವೆ. ಧೂಳು ಅಂಟುವುದನ್ನು ನಾನು ಒಪ್ಪಬಲ್ಲೆ. ನಮ್ಮ ಬಚ್ಚಲೊಲೆಯ ಮೇಲಿನ ಮಾಡಿನಲ್ಲಿ ಹೊಗೆಯ ಕಣಗಳೇ ಸೇರಿ ಗೇಣುದ್ದದ ಇಲ್ಲಣ ಜೋತಾಡುತ್ತಿದೆ. ಆದರೆ ಪೊರಕೆಯ ತುದಿ ತಾಗಿದರೆ ಸಾಕು, ಅದು ಪುಡಿಯಾಗಿ ಉದುರುತ್ತದೆ. ಇನ್ನು ಹೊಳೆಯ ಕಲ್ಲುಗಳನ್ನು ನೋಡಿದರೆ, ಅವು ಒಂದಕ್ಕೊಂದು ಉಜ್ಜಿ ನುಣುಪಾಗಿವೆಯೇ ಹೊರತು ಎರಡು ಕಲ್ಲು ಕೂಡಿ ಒಂದಾದದ್ದನ್ನು ನಾನು ಕಂಡಿಲ್ಲ. ಹಾಗಿದ್ದ ಮೇಲೆ ಧೂಳು ಬಂಡೆಯಾದದ್ದು ಹೇಗೆ? ಅದೆಲ್ಲವೂ ಸೂರ್ಯನೊಳಗೇ ಏಕೆ ಬೀಳಲಿಲ್ಲ?

ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ಎರಡನೆಯ ಪ್ರಶ್ನೆ ಸುಲಭ; ಅದನ್ನು ಮೊದಲು ಮುಗಿಸುತ್ತೇನೆ. ಬಹುಪಾಲು ಬಿದ್ದೇ ಬಿದ್ದಿತು: ಸೌರಮಂಡಲದ ದ್ರವ್ಯರಾಶಿಯಲ್ಲಿ ಶೇ. 99.8ಕ್ಕೂ ಹೆಚ್ಚು ಸೂರ್ಯನಲ್ಲೇ ಇದೆ. ಮೋಡಕ್ಕೆ ಮೊದಲಿನಿಂದಲೂ ಅತ್ಯಲ್ಪ ತಿರುಗುವಿಕೆ ಇದ್ದು, ಕುಗ್ಗಿದಂತೆಲ್ಲ ಅದರ ವೇಗ ಹೆಚ್ಚಿದ್ದರಿಂದ, ಉಳಿದ ಸ್ವಲ್ಪ ಭಾಗ ಒಳಗೆ ಬೀಳಲಾರದೆ ತಟ್ಟೆಯಂತೆ ಹರಡಿಕೊಂಡಿತು. ಆ ತಟ್ಟೆಯಲ್ಲಿ ಧೂಳು ಶೇ. 1ರ ಆಸುಪಾಸು, ಮಿಕ್ಕದ್ದೆಲ್ಲ ಜಲಜನಕ ಮತ್ತು ಹೀಲಿಯಂ.

ಇಲ್ಲಣದ ಹೋಲಿಕೆ ನೀವು ಎಣಿಸಿದ್ದಕ್ಕಿಂತಲೂ ನಿಖರವಾಗಿದೆ. ತಟ್ಟೆಯ ಧೂಳಿನ ಕಣಗಳೂ ಹೊಗೆಯ ಕಣಗಳ ಗಾತ್ರದವೇ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು ಅಥವಾ ಅದಕ್ಕೂ ಚಿಕ್ಕವು. ಮೆಲ್ಲಗೆ ತಾಗಿದಾಗ ಅವು ಅಣುಗಳ ನಡುವಿನ ದುರ್ಬಲ ಸೆಳೆತದಿಂದ ಅಂಟಿಕೊಂಡು, ಮಿಲಿಮೀಟರು, ಹೆಚ್ಚೆಂದರೆ ಸೆಂಟಿಮೀಟರು ಗಾತ್ರದ ಪೊಳ್ಳು ಉಂಡೆಗಳಾಗುತ್ತವೆ. ಅಲ್ಲಿಂದ ಮುಂದೆ ನಿಮ್ಮ ಹೊಳೆಗಲ್ಲಿನ ಕಥೆಯೇ: ತಾಗಿದರೆ ಪುಟಿಯುತ್ತವೆ, ಜೋರಾಗಿ ತಾಗಿದರೆ ಒಡೆಯುತ್ತವೆ. ಗುರುತ್ವವೂ ನೆರವಿಗೆ ಬಾರದು, ಏಕೆಂದರೆ ಕಿಲೋಮೀಟರಿನಷ್ಟು ದೊಡ್ಡದಾಗುವವರೆಗೆ ಒಂದು ಬಂಡೆಯ ಸೆಳೆತ ಲೆಕ್ಕಕ್ಕೇ ಬರುವುದಿಲ್ಲ. ನಾನು ಮೂವತ್ತು ವರ್ಷ ಪಾಠ ಮಾಡುವಾಗ ‘ಅಂಟಿಕೊಂಡು’ ಎಂಬ ಒಂದೇ ಪದದಲ್ಲಿ ದಾಟಿಹೋಗುತ್ತಿದ್ದ ಜಾಗವಿದು.

ಹೊಸನಗರದ ಸಂಶೋಧನಾ ವಿದ್ಯಾರ್ಥಿನಿ

ಸರ್ ಹೇಳಿದ್ದಕ್ಕೆ ಇನ್ನೊಂದು ತೊಡಕನ್ನು ಸೇರಿಸಬೇಕು. ತಟ್ಟೆಯ ಅನಿಲಕ್ಕೆ ತನ್ನದೇ ಒತ್ತಡದ ಆಸರೆ ಇರುವುದರಿಂದ ಅದು ಕಲ್ಲಿಗಿಂತ ತುಸು ನಿಧಾನವಾಗಿ ಸೂರ್ಯನನ್ನು ಸುತ್ತುತ್ತದೆ. ಹೀಗಾಗಿ ಕಲ್ಲಿಗೆ ಸದಾ ಎದುರುಗಾಳಿ. ಭೂಮಿಯಷ್ಟು ದೂರದಲ್ಲಿ ಮೀಟರು ಗಾತ್ರದ ಗುಂಡೊಂದು ವೇಗ ಕಳೆದುಕೊಂಡು ಕೆಲವು ನೂರು ವರ್ಷಗಳೊಳಗೇ ಸೂರ್ಯನ ಪಾಲಾಗುತ್ತದೆ. ಅಂದರೆ ನಿಧಾನವಾಗಿ ಬೆಳೆಯಲು ಸಮಯವೇ ಇಲ್ಲ.

2005ರಲ್ಲಿ ಖಭೌತ ವಿಜ್ಞಾನಿಗಳಾದ ಆಂಡ್ರ್ಯೂ ಯೂಡಿನ್ ಮತ್ತು ಜೆರೆಮಿ ಗುಡ್‌ಮನ್ ತೋರಿಸಿದ ದಾರಿಯಲ್ಲಿ ಈ ಎದುರುಗಾಳಿಯೇ ಉಪಕಾರಿ. ಸರ್ ಹೇಳಿದ ಆ ಚಿಕ್ಕ ಉಂಡೆಗಳು, ಅಂದರೆ ಹರಳುಗಳು, ಒಂದೆಡೆ ಗುಂಪಾದರೆ ಅವು ಸುತ್ತಲಿನ ಅನಿಲವನ್ನೂ ತಮ್ಮೊಡನೆ ಎಳೆದೊಯ್ಯುವುದರಿಂದ ಗುಂಪಿಗೆ ಗಾಳಿಯ ತಡೆ ಕಡಿಮೆಯಾಗುತ್ತದೆ; ಒಂಟಿಯಾಗಿ ಒಳಸರಿಯುತ್ತಿದ್ದ ಹರಳುಗಳು ಬಂದು ಅದನ್ನೇ ಸೇರುತ್ತವೆ. ಮಳೆಗಾಲದ ಹೊಳೆಯಲ್ಲಿ ಬಿದಿರುಮೆಳೆಗೆ ಸಿಕ್ಕಿಕೊಂಡ ಕಸಕ್ಕೆ ಹಿಂದಿನಿಂದ ತೇಲಿಬಂದ ಕಸ ಸೇರುವಂತೆ. ವ್ಯತ್ಯಾಸವೆಂದರೆ ಇಲ್ಲಿ ಮೆಳೆಯೂ ಕಸವೇ. ಗುಂಪು ಸಾಕಷ್ಟು ದಟ್ಟವಾದಾಗ ತನ್ನದೇ ಗುರುತ್ವದಿಂದ ಒಮ್ಮೆಗೇ ಕುಸಿದು ಹತ್ತಾರು ಕಿಲೋಮೀಟರಿನ ಕಾಯವಾಗುತ್ತದೆ. ನ್ಯೂ ಹೊರೈಜನ್ಸ್ ನೌಕೆಯು 2019ರ ಜನವರಿ 1ರಂದು ಪ್ಲೂಟೋವಿನಾಚೆ ಕಂಡ ಆರೊಕಾತ್ ಎಂಬ ಕಾಯ ಹೀಗೆ ಹುಟ್ಟಿದ್ದೆಂದೇ ತೋರುತ್ತದೆ: ಅದರ ಎರಡು ಭಾಗಗಳು ಜಜ್ಜಿಹೋಗದೆ, ಎರಡು ಉಂಡೆಗಳನ್ನು ಮೆಲ್ಲಗೆ ತಾಗಿಸಿಟ್ಟಂತೆ ಕೂತಿವೆ.

ತುಂಗಾತೀರದವ

ಇಬ್ಬರಿಗೂ ಕೃತಜ್ಞತೆಗಳು. ಆದರೂ ಅದು ಹರಳುಗಳ ಸಡಿಲ ರಾಶಿಯೇ ಅಲ್ಲವೇ? ಗಟ್ಟಿ ಕಲ್ಲು ಎಲ್ಲಿಂದ ಬಂತು?

ಹೊಸನಗರದ ಸಂಶೋಧನಾ ವಿದ್ಯಾರ್ಥಿನಿ

ಒಳಗಿನ ಕಾವಿನಿಂದ. ಸುಮಾರು 456 ಕೋಟಿ ವರ್ಷಗಳ ಹಿಂದಿನ ಆ ಧೂಳಿನಲ್ಲಿ ಅಲ್ಯೂಮಿನಿಯಂ-26 ಎಂಬ ವಿಕಿರಣಶೀಲ ಧಾತು ಬೆರೆತಿತ್ತು. ಅದು ಕ್ಷಯಿಸುತ್ತ ಕಾವನ್ನು ಹೊಮ್ಮಿಸುತ್ತದೆ; ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, ಏಳು ಲಕ್ಷ ವರ್ಷಗಳಷ್ಟು ಮಾತ್ರ. ನಿಮ್ಮ ಬಚ್ಚಲೊಲೆಯನ್ನೇ ತೆಗೆದುಕೊಳ್ಳಿ: ಹಂಡೆಯ ನೀರು ಬೆಳಗಿನವರೆಗೂ ಬೆಚ್ಚಗಿರುತ್ತದೆ, ಚೊಂಬಿಗೆ ತೋಡಿಟ್ಟದ್ದು ಬೇಗನೆ ಆರುತ್ತದೆ. ಹಾಗೆಯೇ ಚಿಕ್ಕ ಹರಳು ಕಾವನ್ನು ಕಳೆದುಕೊಂಡರೆ, ಬೇಗ ಹುಟ್ಟಿದ ದೊಡ್ಡ ಕಾಯಗಳು ಅದನ್ನು ಒಳಗೇ ಹಿಡಿದಿಟ್ಟುಕೊಂಡು ಕರಗಿದವು. ಕಬ್ಬಿಣ ನಡುವಿಗೆ ಇಳಿಯಿತು, ಮೇಲೆ ಕಲ್ಲು ಹೆಪ್ಪುಗಟ್ಟಿತು. ಅಂತಹ ಕಾಯಗಳು ಮುಂದೆ ಢಿಕ್ಕಿ ಹೊಡೆದು ಒಡೆದಾಗ ಚೆದುರಿದ ನಡುವಿನ ಚೂರುಗಳೇ ಇಂದು ನಮಗೆ ಸಿಗುವ ಬಹುಪಾಲು ಕಬ್ಬಿಣದ ಉಲ್ಕೆಗಳು.

ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ಮಗಳಿಗೆ ತೋರಿಸಲು ಒಂದು ಮಾತು. ಡಿಸೆಂಬರಿನಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ, ಮಂಜು ಇಳಿಯುವ ಮೊದಲು, ತೋಟದ ಮರಗಳು ಅಡ್ಡವಿಲ್ಲದ ಕಡೆ ನಿಂತು ಪೂರ್ವಕ್ಕೆ ನೋಡಿ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಬಳಿ, ಕತ್ತಿಯ ಜಾಗದಲ್ಲಿ, ಬರಿಗಣ್ಣಿಗೂ ಒಂದು ಮಸುಕು ಕಲೆ ಕಾಣುತ್ತದೆ. ಸುಮಾರು 1,350 ಜ್ಯೋತಿರ್ವರ್ಷ ದೂರದ ಆ ಮೋಡದೊಳಗೆ ಹಬಲ್ ದೂರದರ್ಶಕವು ನೂರಕ್ಕೂ ಹೆಚ್ಚು ಧೂಳಿನ ತಟ್ಟೆಗಳನ್ನು ಸೆರೆಹಿಡಿದಿದೆ.