ಅತ್ತೆಗೆ ತೋರಿಸಲು ‘ಲವ್ ಕಮ್ಸ್ ಸಾಫ್ಟ್ಲಿ’ ತರದ್ದು ಇನ್ನೇನಿದೆ? ಇವು ನಮ್ಮವರಿಗೆ ಇಷ್ಟು ಹಿಡಿಸುವುದು ಯಾಕೆ?

ಕೋಡಿಬಾಗ ಸೊಸೆ:

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಬರೆಯುತ್ತಿದ್ದೇನೆ.

ನಮ್ಮ ಅತ್ತೆ ಅಂಕೋಲೆಯವರು. ಇಂಗ್ಲಿಷ್ ಬರುವುದಿಲ್ಲ. ತುಳಸಿಗೆ ನೀರು ಹಾಕದೆ ಚಾ ಕುಡಿದವರಲ್ಲ. ಮಳೆಗಾಲದ ಮಧ್ಯಾಹ್ನ ಹೊತ್ತು ಹೋಗುವುದಿಲ್ಲ ಅಂತ ಸುಮ್ನೆ ಈ ಸಿನಿಮಾ ಹಾಕಿದೆ. 2003ರಲ್ಲಿ ಅಮೆರಿಕದ ಹಾಲ್‌ಮಾರ್ಕ್ ಚಾನೆಲ್‌ಗೆ ಮೈಕೆಲ್ ಲ್ಯಾಂಡನ್ ಜೂನಿಯರ್ ಮಾಡಿದ್ದು. ಜನೆಟ್ ಓಕ್ ಅವರ 1979ರ ಕಾದಂಬರಿಯ ಕಥೆ.

ನೋಡದವರಿಗೆ ಹೇಳುತ್ತೇನೆ. ಮಾರ್ಟಿ ಮತ್ತು ಅವಳ ಗಂಡ ಹೊಸ ಜಾಗ ಹುಡುಕಿ ಗಾಡಿಯಲ್ಲಿ ಪಶ್ಚಿಮಕ್ಕೆ ಬರುತ್ತಾರೆ. ಬಂದ ಹೊಸತರಲ್ಲೇ ಗಂಡ ಸಾಯುತ್ತಾನೆ. ಮಣ್ಣು ಮಾಡಿದ ದಿನವೇ ಕ್ಲಾರ್ಕ್ ಅಂತ ಒಬ್ಬ ಬಂದು ಮದುವೆಯಾಗು ಅನ್ನುತ್ತಾನೆ. ಅವನ ಹೆಂಡತಿ ತೀರಿಕೊಂಡಿದ್ದಾಳೆ, ಮಗಳಿಗೆ ತಾಯಿ ಬೇಕು. ಚಳಿಗಾಲ ಕಳೆಯಲಿ, ಆಮೇಲೆ ಊರಿಗೆ ಹೋಗುವುದಾದರೆ ಖರ್ಚು ನನ್ನದು ಅನ್ನುತ್ತಾನೆ. ಅವಳಿಗಾದರೂ ಬೇರೆ ದಾರಿ ಎಲ್ಲಿದೆ? ಒಪ್ಪುತ್ತಾಳೆ. ಮನೆಯನ್ನು ಅವಳಿಗೆ ಬಿಟ್ಟು ಅವ ಕೊಟ್ಟಿಗೆಯಲ್ಲಿ ಮಲಗುತ್ತಾನೆ. ಅವಳ ಹೊಟ್ಟೆಯಲ್ಲಿ ತೀರಿಕೊಂಡ ಗಂಡನ ಮಗು ಬೇರೆ.

ಅತ್ತೆ ಮೊರದಲ್ಲಿ ಒಣ ಸಿಗಡಿ ಹಾಕಿಕೊಂಡು ತಲೆ ಮುರಿಯುತ್ತಾ ಕೂತಿದ್ದರು. “ಏನಂದ ಅವ?” ಅಂತ ಕೇಳುವುದು, ನಾನು ಹೇಳುವುದು, ಹೀಗೆ ನಡೆದಿತ್ತು. “ಕೊಟ್ಟಿಗೆಯಲ್ಲಿ ಮಲಗಿದ್ನಾ? ಹಾಗಾದ್ರೆ ಒಳ್ಳೆಯವ” ಅಂತ ತೀರ್ಪು ಕೊಟ್ಟರು. ಅಲ್ಲಿಂದ ಮುಂದೆ ಕಣ್ಣು ಮೊರದ ಮೇಲಿಲ್ಲ. ಸಿಗಡಿಯನ್ನು ಕಸದ ಕಾಗದಕ್ಕೂ ತಲೆಯನ್ನು ಪಾತ್ರೆಗೂ ಹಾಕುತ್ತಿದ್ದರು. ಸಂಜೆ ನಾನೇ ಎಲ್ಲ ಆರಿಸಬೇಕಾಯಿತು.

ಮಾರ್ಟಿ “ನಿನ್ನ ದೇವರು ನನ್ನ ಗಂಡನನ್ನು ಯಾಕೆ ಕೊಂದ” ಅನ್ನುವ ಅರ್ಥದಲ್ಲಿ ಕೇಳುವ ಜಾಗ ಇದೆಯಲ್ಲ? ಕ್ಲಾರ್ಕ್ ಮಗಳ ಉದಾಹರಣೆ ಕೊಡುತ್ತಾನೆ. ನಾನು ಪಕ್ಕದಲ್ಲೇ ನಡೆಯುತ್ತಿದ್ದರೂ ಮಗು ಬೀಳಬಹುದು, ಬೀಳಲಿ ಅಂತ ನಾನು ಬಿಟ್ಟೆ ಅಂತ ಅರ್ಥವಲ್ಲ, ಬಿದ್ದರೆ ಎತ್ತಿಕೊಳ್ಳುತ್ತೇನೆ ಅಂತ. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಮ್ಮ ಮಾವ ತೀರಿಕೊಂಡಾಗ ಇವರಿಗೆ ಇನ್ನೂ ಸಣ್ಣ ವಯಸ್ಸು. ಅದನ್ನು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಆಮೇಲೆ ಕೇಳಿದ್ದು ಒಂದೇ: “ಕಡೆಗಾದ್ರೂ ದೇವರು ಬರ್ತಾನಾ?” ಬರುವುದಿಲ್ಲ ಅಂದೆ. “ಪಾಪ” ಅಂದರು. ಯಾರಿಗೆ ಪಾಪ ಅಂದರೋ!

ನನಗೆ ಮಾತ್ರ ಸಿಟ್ಟು ಬಂತು. ಗಂಡನ ಗೋರಿಯ ಮಣ್ಣು ಆರಿಲ್ಲ, ಆಗಲೇ ಮದುವೆ. ಇದಕ್ಕೆ ಪ್ರೇಮಕಥೆ ಅಂತ ಹೆಸರು. ಬೆಂಗಳೂರಿನ ಗೆಳತಿ “ಅದು ಬರೀ ಧರ್ಮಪ್ರಚಾರ ಕಣೇ, ಹಾಕಬೇಡ” ಅಂದಳು. ಆದರೆ ಅತ್ತೆ ಬಿಡುತ್ತಿಲ್ಲ, “ಅದೇ ತರದ್ದು ಇನ್ನೊಂದು ಹಾಕು” ಅಂತಿದ್ದಾರೆ. ಮುಂದೆ ಏನು ಹಾಕಲಿ? ‘ರಿಡೀಮಿಂಗ್ ಲವ್’ ಅಂತ ಇನ್ನೊಂದು ಕಾಣುತ್ತಿದೆ, ಅತ್ತೆ ಜೊತೆ ಕೂತು ನೋಡಬಹುದಾ? ನಿಮ್ಮ ಮನೆಗಳಲ್ಲೂ ಇಂಥದ್ದನ್ನು ನೋಡುತ್ತಾರಾ?

ಶರಾವತಿ ದಂಡೆ:

ಅಕ್ಕ, ‘ರಿಡೀಮಿಂಗ್ ಲವ್’ ಬೇಡವೇ ಬೇಡ. ಮುಜುಗರ ಆಗುತ್ತದೆ.

2022ರ ಸಿನಿಮಾ ಅದು. 1850ರ ಕ್ಯಾಲಿಫೋರ್ನಿಯಾ, ಚಿನ್ನ ಅಗೆಯಲು ಜನ ನುಗ್ಗಿದ ಕಾಲ. ಬೈಬಲ್‌ನಲ್ಲಿ ಪ್ರವಾದಿ ಹೋಶೇಯ ಮತ್ತು ಗೋಮೆರಳ ಕಥೆ ಬರುತ್ತದೆ. ಹೆಂಡತಿ ಬಿಟ್ಟು ಹೋದರೂ ಅವನು ಮತ್ತೆ ಕರೆದುಕೊಂಡು ಬರುತ್ತಾನೆ. ಫ್ರಾನ್ಸೀನ್ ರಿವರ್ಸ್ 1991ರಲ್ಲಿ ಅದನ್ನು ಕಾದಂಬರಿ ಮಾಡಿದರು. ನಾಯಕಿ ವೇಶ್ಯಾಗೃಹದಲ್ಲಿರುವವಳು, ನಾಯಕ ರೈತ. ಪಿಜಿ-13 ಸರ್ಟಿಫಿಕೇಟ್ (ಹದಿಮೂರರ ಕೆಳಗಿನ ಮಕ್ಕಳಿಗೆ ತೋರಿಸುವ ಮುಂಚೆ ಹೆತ್ತವರು ಯೋಚಿಸಿ ಅಂತ), ಹಾಸಿಗೆಯ ದೃಶ್ಯಗಳಿವೆ. ಇದಕ್ಕೇ ಅಲ್ಲಿನ ಚರ್ಚಿನವರಲ್ಲೇ ಜಗಳ ಆಯಿತು. ನಂಬಿಕೆಯ ಸಿನಿಮಾದಲ್ಲಿ ಇದೆಲ್ಲ ಯಾಕೆ ಅಂತ ಕೆಲವರು, ಪಾಪ ತೋರಿಸದೆ ಕ್ಷಮೆ ಹೇಗೆ ತೋರಿಸುತ್ತೀರಿ ಅಂತ ಕೆಲವರು. ನನಗೆ ಸರಿಬರಲಿಲ್ಲ ಅಂದರೆ ಬೇರೆ ವಿಷಯ: ಹೊಡೆತ ತಿಂದು ಅರೆ ಪ್ರಜ್ಞೆಯಲ್ಲಿರುವ ಹುಡುಗಿ ಹೂಂ ಅಂದದ್ದನ್ನೇ ಮದುವೆಗೆ ಒಪ್ಪಿಗೆ ಅಂತ ತೆಗೆದುಕೊಳ್ಳುತ್ತಾನೆ. ನಿಮಗೆ ಗೋರಿ ಪಕ್ಕದ ಮದುವೆಗೇ ಸಿಟ್ಟು ಬಂದಿದ್ದರೆ ಇದಕ್ಕೆ ಟಿವಿ ಒಡೆದೀರಿ.

ನಾವು ಹೊನ್ನಾವರದ ಕ್ಯಾಥೊಲಿಕರು. ನನ್ನ ಅಮ್ಮನೂ ‘ಲವ್ ಕಮ್ಸ್ ಸಾಫ್ಟ್ಲಿ’ ನೋಡಿದ್ದಾಳೆ. ಅವಳ ತಕರಾರು ಕೇಳಿ: “ಇವರಿಗೆ ಇಗರ್ಜಿ ಇಲ್ವಾ? ತೇರ್ಸ್ ಇಲ್ವಾ?” (ತೇರ್ಸ್ ಅಂದರೆ ಜಪಮಾಲೆ ಹಿಡಿದು ಮಾಡುವ ಪ್ರಾರ್ಥನೆ.) ಆ ಸಿನಿಮಾಗಳ ಭಕ್ತಿ ಅಮೆರಿಕದ ಪ್ರೊಟೆಸ್ಟಂಟರದ್ದು. ಒಬ್ಬ ಮನುಷ್ಯ, ಒಂದು ಬೈಬಲ್, ಒಂದು ಬಯಲು, ಅಷ್ಟೇ. ನಮಗೆ ಮೇಣದಬತ್ತಿ, ಸಂತರ ಫೋಟೊ, ಫೆಸ್ತಿನ ಗದ್ದಲ ಎಲ್ಲ ಬೇಕು. ಕ್ರಿಶ್ಚಿಯನ್ ಅಂದ ಮಾತ್ರಕ್ಕೆ ಅದು ನಮ್ಮ ಮನೆಯದ್ದು ಅಂತ ಅನಿಸಲಿಲ್ಲ. ನಿಮ್ಮ ಅತ್ತೆಗೆ ಆದಷ್ಟೂ ನಮ್ಮಮ್ಮನಿಗೆ ಹತ್ತಿರ ಆಗಲಿಲ್ಲ, ನೋಡಿ!

ಶಿರಸಿ ತೋಟದವ:

ಪ್ರಚಾರ ಅಂತ ಹೆದರಿಸಿದ ಗೆಳತಿಯನ್ನು ಒಮ್ಮೆ ನಮ್ಮ ಕಡೆ ತಾಳಮದ್ದಳೆಗೆ ಕಳಿಸಿ ಮಾರಾಯ್ರೇ. ಕೃಷ್ಣನ ಅರ್ಥ ಹೇಳುವವರು ಮಾತು ಶುರು ಮಾಡಿದರೆ ಒಂದು ಕವಳ ಹಾಕಿ ಉಗಿದು ಬಂದರೂ ಅದೇ ವಾಕ್ಯ ನಡೆದಿರುತ್ತದೆ. ಉಪದೇಶ ನಮಗೆ ಹೊಸತಲ್ಲ. ಉಪದೇಶದಲ್ಲಿ ರಸ ಇದೆಯಾ ಅಂತ ಮಾತ್ರ ನಾವು ನೋಡುವುದು.

ಅತ್ತೆಯವರು ದೇವರು ಬರ್ತಾನಾ ಅಂತ ಕೇಳಿದ್ದು ಸರಿಯಾಗಿಯೇ ಇದೆ. ನಮ್ಮ ಭಕ್ತಿ ಸಿನಿಮಾದಲ್ಲಿ ಬಂದೇ ಬರುತ್ತಾನೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಕಣ್ಣು ಕಿತ್ತು ಕೊಟ್ಟ ಮೇಲೆ ಶಿವ ಬರದೆ ಇದ್ದಿದ್ದರೆ ಜನ ಎದ್ದು ಹೋಗುತ್ತಿದ್ದರಾ? ಅಮೆರಿಕದ ಈ ಸಿನಿಮಾದಲ್ಲಿ ದೇವರು ಕೊನೆವರೆಗೂ ಕಾಣುವುದಿಲ್ಲ. ಪ್ರಾರ್ಥನೆಗೆ ಉತ್ತರ ಅಂತ ಸಿಗುವುದು ಕಟ್ಟಿಗೆ ಒಡೆಯುವ ಒಬ್ಬ ಗಂಡಸು.

ಇನ್ನೊಂದು ಮಾತು. ಅಪರಿಚಿತನನ್ನು ಮದುವೆಯಾಗಿ ಆಮೇಲೆ ಪ್ರೀತಿ ಹುಟ್ಟುವುದು ಅಲ್ಲಿನವರಿಗೆ ಸಿನಿಮಾ ಕಥೆ. ನಮ್ಮ ಆಯಿ ಅಪ್ಪಯ್ಯನನ್ನು ಸರಿಯಾಗಿ ನೋಡಿದ್ದೇ ಮದುವೆಯ ದಿನ. ಅವಳ ಕಾಲದ ಹೆಂಗಸರಿಗೆ ಅಮೆರಿಕದ ಬಯಲು ಮಾತ್ರ ಹೊಸತು, ಕಥೆ ಗೊತ್ತಿದ್ದದ್ದೇ. ಆದರೆ ಸಿನಿಮಾದ ಕ್ಲಾರ್ಕ್ ಕೇಳದೆ ಹತ್ತಿರ ಬರುವುದಿಲ್ಲ, ಹೋಗುವುದಾದರೆ ಹೋಗು ಅನ್ನುತ್ತಾನೆ. ಆ ಎರಡನ್ನು ಇಲ್ಲಿ ಯಾರಿಗೆ ಯಾರು ಹೇಳಿದ್ದರು? ಅಳು ಬರುವುದು ಅಲ್ಲಿ ಅಂತ ನನ್ನ ಅಂದಾಜು.

ತೋಡೂರು:

ನಾನು ಸ್ವಲ್ಪ ಕಹಿ ಹೇಳುತ್ತೇನೆ, ಬೇಜಾರು ಮಾಡಬೇಡಿ.

ಇಂಥ ಸಿನಿಮಾಗಳಲ್ಲಿ ಹೆಚ್ಚಾಗಿ ಬಯಲು ಖಾಲಿ ಇರುತ್ತದೆ. ದೇವರು ಕೊಟ್ಟ ಜಾಗ, ಬಂದವರು ಬೇಲಿ ಹಾಕಿದರು. ಅದು ಖಾಲಿ ಇರಲಿಲ್ಲ. 1862ರ ಅಮೆರಿಕದ ಹೋಮ್‌ಸ್ಟೆಡ್ ಕಾಯ್ದೆ ಬಂದು ನೆಲೆಸುವವರಿಗೆ 160 ಎಕರೆವರೆಗೆ ಜಾಗ ಕೊಡುತ್ತಿತ್ತು, ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಬೇಕು. ಹಾಗೆ ಹಂಚಲು ನೆಲ ಸಿಕ್ಕಿದ್ದು ಮೂಲನಿವಾಸಿಗಳನ್ನು ಒಪ್ಪಂದ ಮಾಡಿಸಿ, ಒಪ್ಪಂದ ಮುರಿದು, ಯುದ್ಧ ಮಾಡಿ ಎಬ್ಬಿಸಿದ ಮೇಲೆ. ಯೋಜನೆಗೆ ಅಂತ ಮನೆ ಗದ್ದೆ ಬಿಟ್ಟು ಬಂದ ಮನೆತನ ನಮ್ಮದು. ನಮ್ಮ ಜಿಲ್ಲೆಯಲ್ಲಿ ಅಂಥವರು ಬೇಕಾದಷ್ಟಿದ್ದಾರೆ. ತೆರೆಯ ಮೇಲೆ ಹೊಸ ಮನೆಗೆ ಕಂಬ ನೆಡುವಾಗ ನನಗೆ ಹಳಬರ ಬಾವಿ ಎಲ್ಲಿ ಹೋಯಿತು ಅಂತ ಕಾಣುತ್ತದೆ.

ಅದೇ ಕಾಯ್ದೆಯಲ್ಲಿ ಇನ್ನೊಂದು ಅಂಶ ಇತ್ತು. ಗಂಡನ ಜೊತೆಗಿರುವ ಹೆಂಗಸು ಸಾಮಾನ್ಯವಾಗಿ ತನ್ನ ಹೆಸರಲ್ಲಿ ಜಾಗ ಕೇಳುವ ಹಾಗಿಲ್ಲ. ವಿಧವೆ ಕೇಳಬಹುದು, ಮನೆಯ ಯಜಮಾನಿ ಅಂತ. ಹಾಗೆ ಕೇಳಿ ಪಡೆದು ಬೇಸಾಯ ಮಾಡಿದ ಹೆಂಗಸರೂ ಅಲ್ಲಿದ್ದರು. ಅವರ ಕಥೆ ಯಾರಾದರೂ ಸಿನಿಮಾ ಮಾಡಿದರೆ ನಾನೂ ಕೂತು ನೋಡುತ್ತೇನೆ.

ಕೋಡಿಬಾಗ ಸೊಸೆ:

ತೋಡೂರು ಅಣ್ಣ, ಬೇಜಾರು ಯಾಕೆ? ವಿಧವೆಗೆ ಜಾಗ ಸಿಗುತ್ತಿತ್ತು ಅನ್ನುವುದನ್ನು ಅತ್ತೆಗೆ ಹೇಳಿದೆ. “ಜಾಗ ಸಿಕ್ಕಿದ್ರೆ ಸಾಕಾ? ಹೂಡುವವರು ಯಾರು, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು?” ಅಂದರು. ಎರಡು ನಿಮಿಷ ಬಿಟ್ಟು, “ಆದ್ರೆ ಕಾಗದ ಅವಳ ಹೆಸರಲ್ಲಿ ಇರಬೇಕಿತ್ತು” ಅಂತಲೂ ಅಂದರು. ಮಾವ ಹೋದ ಮೇಲೆ ಜಾಗದ ಪಹಣಿಯಲ್ಲಿ ಹೆಸರು ಸೇರಿಸಲು ಅವರು ಎಷ್ಟು ಓಡಾಡಿದ್ದಾರೆ ಅಂತ ನನಗೆ ಗೊತ್ತು.

ತೋಟದವರೇ, ನಿಮ್ಮ ಅಂದಾಜನ್ನು ಮಾತ್ರ ಅವರ ಹತ್ತಿರ ಕೇಳಲು ನನಗೆ ಧೈರ್ಯ ಇಲ್ಲ. ಸರಿಯಾಗಿಯೇ ಇರಬೇಕು.

ನನ್ನ ಸಿಟ್ಟು ಇಳಿದಿಲ್ಲ. ಊಟಕ್ಕೆ ಗತಿ ಇಲ್ಲದವಳ ಒಪ್ಪಿಗೆಯನ್ನು ಪ್ರೀತಿಯ ಮೊದಲ ಮೆಟ್ಟಿಲು ಅಂತ ತೋರಿಸುವುದು ಮೋಸವೇ. ಅವ ಎಷ್ಟೇ ಒಳ್ಳೆಯವನಿರಲಿ, ಕೆಟ್ಟವ ಬಂದಿದ್ದರೂ ಅವಳು ಹೂಂ ಅನ್ನಬೇಕಿತ್ತಲ್ಲ? ಅದಿರಲಿ, ಮುಂದೆ ಹಾಕುವುದೇನು ಅಂತ ಇನ್ನೂ ಯಾರೂ ಹೇಳಲಿಲ್ಲ.

ಶರಾವತಿ ದಂಡೆ:

ಮರೆತೇ ಹೋಯಿತು. ಅದೇ ಸರಣಿಯಲ್ಲಿ 2004ರ ‘ಲವ್ಸ್ ಎಂಡ್ಯೂರಿಂಗ್ ಪ್ರಾಮಿಸ್’ ಹಾಕಿ, ಕ್ಲಾರ್ಕ್‌ನ ಆ ಮಗಳು ದೊಡ್ಡವಳಾಗಿ ಟೀಚರ್ ಆಗಿರುತ್ತಾಳೆ. 2006ರ ‘ಲವ್ಸ್ ಅಬೈಡಿಂಗ್ ಜಾಯ್’ ಥಿಯೇಟರ್‌ಗೂ ಬಂದಿತ್ತು, ಓಡಲಿಲ್ಲ. ಇವೆಲ್ಲ ಮನೆಯಲ್ಲಿ ಕೂತು ನೋಡುವಂಥವು.

ಜಾಸ್ತಿ ದಿನ ಬೇಕು ಅಂದರೆ ‘ವೆನ್ ಕಾಲ್ಸ್ ದ ಹಾರ್ಟ್’ ಧಾರಾವಾಹಿ. 2014ರಲ್ಲಿ ಶುರುವಾದದ್ದು, ಅದೂ ಜನೆಟ್ ಓಕ್ ಕಾದಂಬರಿಯಿಂದಲೇ. ಕೆನಡಾದ ಗಣಿ ಊರು, ಪಟ್ಟಣದಿಂದ ಬಂದ ಟೀಚರ್, ಕೆಂಪು ಕೋಟಿನ ಪೊಲೀಸ್. ಅಭಿಮಾನಿಗಳಿಗೆ ‘ಹಾರ್ಟೀಸ್’ ಅಂತ ಹೆಸರೇ ಇದೆ. 2018ರಲ್ಲಿ ಟೀಚರ್ ಜೊತೆ ಮದುವೆ ಆದ ಸ್ವಲ್ಪದಲ್ಲೇ ಆ ಪೊಲೀಸ್ ಜ್ಯಾಕ್ ಸಾಯುತ್ತಾನೆ, ಜನ ಕಂಗಾಲಾದರು. ಆಮೇಲೆ ಟೀಚರ್‌ಗೆ ಜೋಡಿ ನೇಥನ್ನಾ ಲ್ಯೂಕಸ್ಸಾ ಅಂತ ಅಭಿಮಾನಿಗಳಲ್ಲಿ ಎರಡು ಪಾರ್ಟಿ. 2021ರಲ್ಲಿ ಲ್ಯೂಕಸ್‌ನನ್ನು ಆರಿಸಿದಳು, ನೇಥನ್ ಕಡೆಯವರು ಸಿಡಿದೆದ್ದರು. 2023ರಲ್ಲಿ ಆ ನಿಶ್ಚಿತಾರ್ಥವೂ ಮುರಿಯಿತು.

ಕೋಡಿಬಾಗ ಸೊಸೆ:

ಎಲ್ಲವನ್ನೂ ಹೇಳಿಬಿಟ್ಟಿರಲ್ಲ ಮಾರಾಯ್ರೇ! ಇವಳೂ ವಿಧವೆ ಆಗುತ್ತಾಳಾ?

ಶಿರಸಿ ತೋಟದವ:

ಮದುವೆಯ ಕಂತು ತೋರಿಸಿ, ಮುಗೀತು ಅಂತ ಹೇಳಿ ಟಿವಿ ಬಂದ್ ಮಾಡಿ.