ನಮ್ಮ ಸಬರ್ಬ್‌ಗೆ ಹೊಸದಾಗಿ ಬರೋ ವಲಸಿಗರಿಗೆ ಊರಿನ ಕಡೆಯಿಂದ ಏನ್ ಮಾಡಬಹುದು? (ಫುಡ್ ಫೆಸ್ಟಿವಲ್ ಬಿಟ್ಟು ಹೇಳಿ)

ಬೆಣ್ಣೆದೋಸೆ_ಶಿಕಾಗೋ

ಎಲ್ರಿಗೂ ನಮಸ್ಕಾರ. ನಾವಿರೋದು ಶಿಕಾಗೋದಿಂದ ಪಶ್ಚಿಮಕ್ಕೆ, ಡುಪೇಜ್ ಕೌಂಟಿಲಿ, ಊರಿನ ಹೆಸರು ಬೇಡ ಬಿಡಿ. ನಮ್ಮ ವಿಲೇಜ್ ಬೋರ್ಡ್‌ನೋರು (ಅಂದ್ರೆ ಊರಿನ ಆಡಳಿತ ಮಂಡಳಿ) ಹೊಸದಾಗಿ ಬಂದಿರೋ ವಲಸಿಗರ ವಿಷಯಕ್ಕೆ ಅಂತ ಒಂದು ಕಮಿಷನ್ ಮಾಡಿದಾರೆ, ಸಂಬಳ ಗಿಂಬಳ ಏನಿಲ್ಲ, ತಿಂಗಳಿಗೊಂದು ಮೀಟಿಂಗು ಅಷ್ಟೆ. ಪಕ್ಕದ್ಮನೆಯೋರು ಬಲವಂತ ಮಾಡಿದ್ರು ಅಂತ ಅರ್ಜಿ ಹಾಕ್ದೆ, ತಗೊಂಡ್ಬಿಟ್ರು. ಮೊದಲ್ನೇ ಮೀಟಿಂಗಲ್ಲಿ ಎಲ್ರ ಬಾಯಲ್ಲೂ ಬಂದಿದ್ದು ಒಂದೇ, ಇಂಟರ್‌ನ್ಯಾಷನಲ್ ಫುಡ್ ಫೆಸ್ಟಿವಲ್. ನನ್ ಕಡೆ ತಿರುಗಿ ಸಮೋಸ ಸ್ಟಾಲ್ ನೀವು ನೋಡ್ಕೊಳ್ಳಿ ಅಂದ್ರು.

ಫೆಸ್ಟಿವಲ್ ಬೇಡ ಅಂತಲ್ಲ, ಸ್ಕೋಕಿಲಿ ವರ್ಷಾವರ್ಷ ಫೆಸ್ಟಿವಲ್ ಆಫ್ ಕಲ್ಚರ್ಸ್ ಮಾಡ್ತಾರೆ, ಮಕ್ಳನ್ನ ಕರ್ಕೊಂಡು ಹೋಗಿದೀವಿ, ಚೆನ್ನಾಗೇ ಇರತ್ತೆ. ಆದ್ರೆ ಈಗ ನಮ್ಮೂರಲ್ಲಿರೋದು ಬರೀ ನಮ್ಮಂಥ ಐಟಿಯೋರಲ್ಲ, 2022ರಿಂದ ಯುಕ್ರೇನ್‌ನೋರು ಬಂದಿದಾರೆ, ರೈಲ್ವೆ ಸ್ಟೇಷನ್ ಆಚೆ ಅಪಾರ್ಟ್‌ಮೆಂಟ್‌ಗಳಲ್ಲಿ ವೆನೆಜುವೆಲಾದೋರಿದಾರೆ, ಮೆಕ್ಸಿಕೋದೋರು ನಮಗಿಂತ ಎಷ್ಟೋ ಮೊದ್ಲಿಂದ ಇದಾರೆ. ಇವ್ರಿಗೆಲ್ಲ ಒಂದು ಶನಿವಾರ ಮಧ್ಯಾಹ್ನ ಡೇರೆ ಹಾಕಿ ತಿಂಡಿ ಕೊಟ್ರೆ ಏನ್ ಬದಲಾಗತ್ತೆ? ನೀವು ಬಂದ ಹೊಸದ್ರಲ್ಲಿ ಊರು ಏನ್ ಮಾಡಿದ್ರೆ ನಿಜವಾಗ್ಲೂ ಉಪಯೋಗ ಆಗ್ತಿತ್ತು ಅಂತ ಹೇಳಿ. ಬಜೆಟ್ ಹೆಚ್ಚಿಲ್ಲ.

ಗೋರಂಟಿ_ಗಿಡ

ಒಳ್ಳೇ ಪ್ರಶ್ನೆ. ನಾನು ಎಚ್‌-4ನಲ್ಲಿ (ಎಚ್‌-1 ಕೆಲಸದ ವೀಸಾ ಇರೋರ ಮನೆಯೋರಿಗೆ ಕೊಡೋ ವೀಸಾ) ಬಂದೋಳು, ಗಂಡ ಬೆಳಿಗ್ಗೆ ಕಾರ್ ತಗೊಂಡು ಹೋದ್ರೆ ಸಂಜೆವರೆಗೂ ಮನೇಲಿ ನಾನೊಬ್ಳೆ. ನಮ್ಮ ಊರುಗಳಲ್ಲಿ ಬಾಗಿಲು ತೆಗುದ್ರೆ ಬೀದೀಲಿ ನಾಲ್ಕು ಜನ ಕಾಣ್ತಾರೆ, ಇಲ್ಲಿ ಬಾಗಿಲು ತೆಗುದ್ರೆ ಗ್ಯಾರೇಜು ಅದರಾಚೆ ಇನ್ನೊಂದು ಗ್ಯಾರೇಜು. ಕೆಲಸಕ್ಕೆ ಹೋಗೋಣ ಅಂದ್ರೆ ಎಚ್‌-4ನೋರಿಗೆ ವರ್ಕ್ ಪರ್ಮಿಟ್ 2015ರಿಂದ ಕೊಡ್ತಾರೆ ನಿಜ, ಆದ್ರೆ ಗಂಡನ ಐ-140, ಅಂದ್ರೆ ಗ್ರೀನ್ ಕಾರ್ಡಿಗೆ ಅಂತ ಕಂಪನಿ ಹಾಕೋ ಅರ್ಜಿ, ಅಪ್ರೂವ್ ಆಗಿರ್ಬೇಕು, ಇಲ್ಲಾ ಎಚ್‌-1ನ ಆರು ವರ್ಷ ದಾಟಿ ಎಕ್ಸ್‌ಟೆನ್ಷನ್ ಸಿಕ್ಕಿರ್ಬೇಕು, ಅಲ್ಲೀತನಕ ಏನ್ ಮಾಡೋದು.

ವೀಸಾ ಊರಿನ ಕೈಲಿಲ್ಲ ಬಿಡಿ. ಊರಿನ ಕೈಲಿರೋದು ಲೈಬ್ರರಿ. ನನಗೆ ಈ ದೇಶದಲ್ಲಿ ಮೊದಲು ಹೆಸರು ಹಿಡಿದು ಕರೆದೋರು ಲೈಬ್ರರಿಯೋರೇ, ಇಂಗ್ಲಿಷ್ ಮಾತಾಡೋ ಗುಂಪು ಇತ್ತು, ಇಂಗ್ಲಿಷ್ ಬರಲ್ಲ ಅಂತ ನಾನು ಹೋಗಿದ್ದಲ್ಲ, ಮಾತಾಡೋಕೆ ಯಾರಾದ್ರೂ ಸಿಗ್ತಾರಲ್ಲ ಅಂತ ಹೋಗ್ತಿದ್ದೆ. ಆದ್ರೆ ಕಾರ್ಡ್ ಮಾಡ್ಸೋಕೆ ಹೋದಾಗ ಅಡ್ರೆಸ್ ಪ್ರೂಫ್ ಕೇಳಿದ್ರು, ಲೀಸು ಗಂಡನ ಹೆಸ್ರಲ್ಲಿ, ಕರೆಂಟ್ ಬಿಲ್ಲು ಗಂಡನ ಹೆಸ್ರಲ್ಲಿ, ನನ್ ಹೆಸ್ರಲ್ಲಿ ಇದ್ದಿದ್ದು ಪಾಸ್‌ಪೋರ್ಟ್ ಒಂದೆ, ಅದ್ರಲ್ಲಿ ದಾವಣಗೆರೆ ಅಡ್ರೆಸ್ಸು. ಒಂದು ಪುಸ್ತಕ ತಗೊಳೋಕೂ ಗಂಡ ರಜಾ ಹಾಕಿ ಬರ್ಬೇಕು ಅಂದ್ರೆ ಎಷ್ಟು ಕಿರಿಕಿರಿ ಆಗತ್ತೆ ಗೊತ್ತಾ. ನಿಮ್ಮ ಕಮಿಷನ್ ಇದೊಂದು ಮಾಡ್ಸಲಿ, ಹೆಸರು ಬರೆದು ಪೋಸ್ಟಲ್ಲಿ ಬಂದಿರೋ ಯಾವ್ದಾದ್ರೂ ಲಕೋಟೆ ತಂದ್ರೆ ಕಾರ್ಡ್ ಕೊಡ್ಬೇಕು ಅಂತ. ಕಾಸು ಖರ್ಚಿಲ್ಲ.

ಇನ್ನೊಂದು ಡ್ರೈವಿಂಗ್. ಇಲಿನಾಯ್‌ನಲ್ಲಿ ಮುಂಚೆ ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ದೇ ಇರೋರಿಗೆ ಬೇರೆ ಥರದ ಟೆಂಪೊರರಿ ಲೈಸೆನ್ಸು ಕೊಡ್ತಿದ್ರು, 2024ರ ಜುಲೈಯಿಂದ ಅವ್ರಿಗೂ ಸ್ಟ್ಯಾಂಡರ್ಡ್ ಲೈಸೆನ್ಸೇ ಸಿಗತ್ತೆ, ವಿಮಾನ ಹತ್ತೋಕೆ ಐಡಿ ಅಂತ ನಡೆಯಲ್ಲ ಅಷ್ಟೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಮ್ಮೂರಲ್ಲಿ ಇಪ್ಪತ್ತು ವರ್ಷ ಸ್ಕೂಟಿ ಓಡ್ಸಿದೋರೂ ಇಲ್ಲಿ ಹಿಮದಲ್ಲಿ ಕಾರ್ ಓಡ್ಸೋಕೆ ಹೆದರ್ತಾರೆ, ರಿಟೈರ್ ಆಗಿರೋ ಅಮೆರಿಕನ್ ಅಜ್ಜ ಅಜ್ಜಿಯರನ್ನ ಪಕ್ಕ ಕೂರ್ಸಿ ಪ್ರಾಕ್ಟೀಸ್ ಕೊಡ್ಸಿದ್ರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಇನ್ಶೂರೆನ್ಸ್ ತಲೆನೋವು ಮೊದ್ಲೇ ವಿಚಾರಿಸ್ಕೊಳಿ.

ಗಿರ್ಮಿಟ್_ಗಿರಾಕಿ

ನಾ ಇಲ್ಲೇ ಒಂದ್ ಸ್ಕೂಲ್ ಡಿಸ್ಟ್ರಿಕ್ಟ್‌ನ್ಯಾಗ ಕೆಲ್ಸ ಮಾಡ್ತೀನ್ರಿ, ಅದಕ್ಕ ಸಾಲಿ ವಿಷಯ ಅಷ್ಟ ಹೇಳ್ತೀನಿ.

ಹುಡುಗ್ರನ್ನ ಸಾಲಿಗೆ ಹಚ್ಚಾಕ ವೀಸಾ ಕಾಗದ ಕೇಳೂ ಹಂಗಿಲ್ಲ. 1982ರಾಗ ಪ್ಲೈಲರ್ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಹೇಳೇತಿ, ಟೆಕ್ಸಾಸ್‌ನೋರು ದಾಖಲೆ ಇಲ್ದ ಮಕ್ಕಳನ್ನ ಹೊರಗ ಇಡಾಕ ನೋಡಿದ್ರು, ಆಗಂಗಿಲ್ಲ ಅಂತು ಕೋರ್ಟು. ಇಂಗ್ಲಿಷ್ ಬರದ ಮಕ್ಕಳನ್ನ ಸುಮ್ನ ಹಿಂದಿನ ಬೆಂಚಿಗೆ ಕೂಡ್ರಿಸಿ ಕಲಿಸೀವಿ ಅನ್ನೂದೂ ನಡಿಯಂಗಿಲ್ಲ, ಅದು 1974ರ ಲಾವ್ ಕೇಸು, ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಹುಡುಗ್ರದ್ದು. ಇಲಿನಾಯ್‌ನ್ಯಾಗ ಇನ್ನೂ ಮುಂದ ಹೋಗ್ಯಾರ, ಒಂದ ಸಾಲ್ಯಾಗ ಒಂದ ಭಾಷಾದ ಇಂಗ್ಲಿಷ್ ಕಲಿಯೂ ಮಕ್ಕಳು 20 ಆದ್ರ ಅವರ ಭಾಷಾದಾಗೂ ಪಾಠ ಕೊಡಬೇಕು. ಹಂಗಾಗಿ ಕಾನೂನು ಕಡಿಮಿ ಇಲ್ರಿ.

ತ್ರಾಸ ಇರೂದು ಬ್ಯಾರೆ ಕಡೆ. ಸಾಲಿಯಿಂದ ಮನಿಗೆ ಹೋಗೂ ಫೋನಿನ್ಯಾಗ. ಕ್ಲಿನಿಕ್‌ಗೆ ಹೋದ್ರೂ, ಬಾಡಿಗಿ ಆಫೀಸಿಗೆ ಹೋದ್ರೂ, ಹತ್ತು ವರ್ಷದ ಹುಡುಗಿ ಅವ್ವಗ ದುಭಾಷಿ. ತನ್ನ ತಮ್ಮನ ಬ್ಯಾನಿ ಬಗ್ಗೆ ಡಾಕ್ಟರ್ ಹೇಳಿದ್ದನ್ನ ಆ ಕೂಸು ಅವ್ವಗ ಹೇಳ್ಬೇಕು, ಅರ್ಧ ಹೇಳ್ತೈತಿ, ಅರ್ಧ ಅಂಜಿ ನುಂಗ್ತೈತಿ. ಫೋನ್ ಮ್ಯಾಲೆ ದುಭಾಷಿ ಕೊಡೂ ಸರ್ವಿಸ್ ಅದಾವ, ನಿಮಿಷದ ಲೆಕ್ಕ ರೊಕ್ಕ ತಗೋತಾರ, ಉಕ್ರೇನಿಯನ್ ಅನ್ರಿ ಸ್ಪ್ಯಾನಿಷ್ ಅನ್ರಿ ಸಿಗ್ತಾರ. ಭಾಳ ಕಡೆ ಒಪ್ಪಂದನೂ ಇರ್ತೈತಿ ಆದ್ರ ಮುಂದ ಕುಂತ ಕ್ಲರ್ಕ್‌ಗೆ ಅದರ ನಂಬರ್ ಗೊತ್ತಿರಂಗಿಲ್ಲ! ನಿಮ್ಮ ವಿಲೇಜ್ ಹಾಲ್‌ನ್ಯಾಗ ನೀರಿನ ಬಿಲ್ ತುಂಬೂ ಕಿಟಕಿ ಹತ್ರ ಹೋಗಿ ಕೇಳ್ರಿ, ಇಂಗ್ಲಿಷ್ ಬರದವ್ರು ಬಂದ್ರ ಏನ್ ಮಾಡ್ತೀರಿ ಅಂತ. ಇಂಗ್ಲಿಷ್ ಬರದವ್ರಿಗೂ ಸರ್ಕಾರಿ ಸೇವಾ ತಿಳಿಯೂ ಹಂಗ ಮಾಡ್ರಿ ಅಂತ 2000ದಾಗ ಕ್ಲಿಂಟನ್ ಮಾಡಿದ್ದ ಭಾಷಾ ಆರ್ಡರು 2025ರ ಮಾರ್ಚ್‌ನ್ಯಾಗ ಟ್ರಂಪ್ ತಗದ್ರು, ಆದ್ರ ಮೂಲದೇಶ ನೋಡಿ ಭೇದ ಮಾಡಬಾರ್ದು ಅನ್ನೂ 1964ರ ಸಿವಿಲ್ ರೈಟ್ಸ್ ಆಕ್ಟ್ ಹಂಗ ಐತಿ, ವಿಲೇಜ್ ತಾನಾಗೇ ಮಾಡ್ತೀನಂದ್ರ ಯಾರೂ ಬ್ಯಾಡ ಅನ್ನಂಗಿಲ್ಲ.

ನಮ್ಮ ಮಂದಿ ಬಗ್ಗೆ ಒಂದು ಮಾತು. ಅಡ್ಮಿಷನ್ ಫಾರ್ಮ್‌ನ್ಯಾಗ ಮನ್ಯಾಗ ಯಾವ ಭಾಷಾ ಆಡ್ತೀರಿ ಅಂತ ಕೇಳಿದ್ರ ಕನ್ನಡ ಅಂತ ಬರಿಯಂಗಿಲ್ಲ, ಇಂಗ್ಲಿಷ್ ಅಂತ ಬರೀತಾರ, ಮಗಗ ಟೆಸ್ಟ್ ಕೊಟ್ಟು ಬ್ಯಾರೆ ಕ್ಲಾಸಿಗೆ ಹಾಕ್ತಾರ ಅಂತ ಅಂಜಿಕಿ. ಹಿಂಗಾಗಿ ಊರಾಗ ಎಷ್ಟು ಕನ್ನಡ ಮಕ್ಕಳದಾವ ಅಂತ ಡಿಸ್ಟ್ರಿಕ್ಟ್‌ಗೆ ಗೊತ್ತ ಇರಂಗಿಲ್ಲ.

ಸುಮ್ನೆ_ಓದ್ತಿರ್ತೀನಿ

ಬೆಣ್ಣೆದೋಸೆ ಅವರೇ, ನಿಮ್ಮ ಕಮಿಷನ್ನಲ್ಲಿ ಆ ಸ್ಟೇಷನ್ ಆಚೆ ಅಪಾರ್ಟ್‌ಮೆಂಟಿನೋರು ಎಷ್ಟ್ ಜನ ಇದಾರೆ? ಒಬ್ರೂ ಇರಲ್ಲ ಅಂತ ನನ್ನ ಊಹೆ. ಮಂಗಳವಾರ ರಾತ್ರಿ ಏಳು ಗಂಟೆಗೆ ಮೀಟಿಂಗ್ ಇಟ್ರೆ ಹೋಟೆಲ್ ಅಡುಗೆಮನೇಲಿ ಕೆಲಸ ಮಾಡೋರು ಎಲ್ಲಿಂದ ಬರ್ತಾರೆ. ಊರಿಗೆ ವಲಸಿಗರ ಪ್ರತಿನಿಧಿ ಬೇಕು ಅಂದಾಗೆಲ್ಲ ನಮ್ಮಂಥ ಇಂಗ್ಲಿಷ್ ಬರೋ, ಮನೆ ಕೊಂಡಿರೋ ಇಂಡಿಯನ್ನನ್ನ ಕೂರ್ಸೋದು ಸುಲಭ.

2023ರ ಡಿಸೆಂಬರ್ ನೆನಪಿದೆಯಾ, ಗಡಿ ದಾಟಿ ಬಂದು, ಟೆಕ್ಸಾಸಿಂದ ಬಸ್ಸಲ್ಲಿ ಕಳಿಸಿದ ವಲಸಿಗರನ್ನ ಶಿಕಾಗೋಗೆ ತಲುಪ್ಸದೆ ಸಬರ್ಬ್‌ಗಳ ಮೆಟ್ರಾ ರೈಲು ಸ್ಟೇಷನ್‌ಗಳಲ್ಲಿ ಇಳಿಸಿ ಹೋದ್ರಲ್ಲ, ಆ ಚಳೀಲಿ. ಎಷ್ಟೋ ಊರಿನೋರು ಟ್ರೈನ್ ಹತ್ತಿಸಿ ಸಿಟಿಗೆ ಸಾಗ್ಹಾಕಿದ್ರು, ಆಮೇಲೆ ಬಸ್ ನಿಲ್ಸಿದ್ರೆ ದಂಡ ಅಂತ ಆರ್ಡಿನೆನ್ಸ್ ಮಾಡ್ಕೊಂಡ್ರು. ನೇಪರ್‌ವಿಲ್‌ನಲ್ಲಿ 2024ರ ಜನವರೀಲಿ ಒಬ್ಬ ಕೌನ್ಸಿಲ್ ಸದಸ್ಯರು ಯಾರ್ಯಾರು ಮನೇಲಿ ಜಾಗ ಕೊಡ್ತೀರೋ ಅವ್ರ ಪಟ್ಟಿ ಮಾಡೋಣ ಅಂದಿದ್ದು ದೊಡ್ಡ ಸುದ್ದಿ ಆಗಿತ್ತು. ಆವಾಗ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಬಂದ ಮೆಸೇಜ್‌ಗಳು ಓದಿದ್ರೆ ಯಾವ ಅಮೆರಿಕನ್ನೂ ನಾಚ್ಕೋಬೇಕು, ನಾವು ಲೀಗಲ್ಲಾಗಿ ಬಂದೋರು ಇವ್ರು ಬೇರೆ ಅಂತ. ನಮ್ಮ ಲಾನ್ ಕತ್ತರಿಸೋಕೆ ಮಾತ್ರ ಅವ್ರು ಬೇಕು.

ಈಗಿನ ಪರಿಸ್ಥಿತೀಲಂತೂ, 2025ರ ಸೆಪ್ಟೆಂಬರ್‌ನಲ್ಲಿ ಆಪರೇಷನ್ ಮಿಡ್‌ವೇ ಬ್ಲಿಟ್ಜ್ ಅಂತ ಶಿಕಾಗೋ ಸುತ್ತ ವಲಸಿಗರನ್ನ ಹಿಡಿಯೋ ಫೆಡರಲ್ ಕಾರ್ಯಾಚರಣೆ ಶುರು ಮಾಡಿದ ಮೇಲೆ, ಬಯಲಲ್ಲಿ ಡೇರೆ ಹಾಕಿ ವಲಸಿಗರೆಲ್ಲ ಬನ್ನಿ ಅಂದ್ರೆ ಯಾರು ಬರ್ತಾರೆ ಹೇಳಿ. ಗ್ರೀನ್ ಕಾರ್ಡ್ ಇದ್ದೋರೂ ಜೇಬಲ್ಲಿ ಕಾರ್ಡ್ ಇಟ್ಕೊಂಡು ಓಡಾಡ್ತಿದ್ರು. ಊರು ಮಾಡ್ಬೇಕಾಗಿರೋದು ತನ್ನ ಪೊಲೀಸರು ಏನ್ ಮಾಡ್ತಾರೆ ಏನ್ ಮಾಡಲ್ಲ ಅಂತ ನಾಲ್ಕು ಭಾಷೇಲಿ ಬರೆದು ಹಾಕೋದು. 2017ರ ಇಲಿನಾಯ್ ಟ್ರಸ್ಟ್ ಆಕ್ಟ್ ಪ್ರಕಾರ ಬರೀ ಇಮಿಗ್ರೇಷನ್ ಸ್ಟೇಟಸ್ ಕಾರಣಕ್ಕೆ ಲೋಕಲ್ ಪೊಲೀಸರು ಹಿಡಿದಿಟ್ಕೊಳೋ ಹಾಗಿಲ್ಲ. ಇದು ಗೊತ್ತಿಲ್ದೆ ಮನೇಲಿ ಕಳ್ಳತನ ಆದ್ರೂ 911ಗೆ ಫೋನ್ ಮಾಡದೇ ಇರೋರಿದಾರೆ.

ಕ್ಯೂನಲ್ಲಿ_ನಿಂತೋನು

@ಸುಮ್ನೆ_ಓದ್ತಿರ್ತೀನಿ ಸರ್ ಸ್ವಲ್ಪ ಅನ್ಯಾಯ ಮಾಡ್ತಿದೀರಿ. ಒಂದು ದೇಶಕ್ಕೆ 7 ಪರ್ಸೆಂಟ್ ಮಿತಿ ಇಟ್ಟು ಇಂಡಿಯಾದೋರನ್ನ ಗ್ರೀನ್ ಕಾರ್ಡ್ ಕ್ಯೂನಲ್ಲಿ ವರ್ಷಗಟ್ಲೆ ನಿಲ್ಸಿದಾರೆ, ಕೆಲಸ ಹೋದ್ರೆ 60 ದಿನದಲ್ಲಿ ಬೇರೆ ಹುಡುಕ್ಬೇಕು ಇಲ್ಲಾ ಗಂಟುಮೂಟೆ ಕಟ್ಬೇಕು, ಪ್ರಾಪರ್ಟಿ ಟ್ಯಾಕ್ಸ್ ಮಾತ್ರ ಪೂರ್ತಿ ಕಟ್ತೀವಿ. ಹೊಟ್ಟೆ ಉರಿಯತ್ತೆ ಅಂದ್ರೆ ಅದೆಲ್ಲಾ ದ್ವೇಷ ಅಲ್ಲ. ನಾನೂ ವಲಸಿಗನೇ, ನನ್ನ ಕೆಲಸ ಹೋದಾಗ ಊರು ಏನು ಮಾಡತ್ತೆ ಅಂತ ಯಾರೂ ಕೇಳಲ್ಲ, ದೊಡ್ಡ ಮನೇಲಿದೀಯಲ್ಲ ಇವನಿಗೇನು ಕಷ್ಟ ಅಂತ.

ಅಪಾರ್ಟ್‌ಮೆಂಟಿನೋರನ್ನ ಕರೀಬೇಕು ಅನ್ನೋದು ಒಪ್ಪಿದೆ.

ಅಜ್ಜಿಮನೆ

ಜಗಳ ಸಾಕು. ನಾನು ಒಂದಷ್ಟು ವರ್ಷ ಟೌನ್‌ಶಿಪ್ (ಕೌಂಟಿ ಒಳಗಿನ ಒಂದು ಲೋಕಲ್ ಸರ್ಕಾರ) ಆಫೀಸಲ್ಲಿ ವಾಲಂಟಿಯರ್ ಮಾಡಿದೀನಿ, ಅದ್ರ ಅನುಭವದಿಂದ ಹೇಳ್ತೀನಿ. ಮೊದಲು ಒಂದು ತಿಳ್ಕೊಳಿ, ಅಮೆರಿಕದಲ್ಲೇ ಅತಿ ಹೆಚ್ಚು ಲೋಕಲ್ ಗವರ್ನಮೆಂಟ್‌ಗಳಿರೋ ರಾಜ್ಯ ಇಲಿನಾಯ್. ನಿಮ್ಮ ವಿಲೇಜ್ ಬೇರೆ, ಪಾರ್ಕ್ ಡಿಸ್ಟ್ರಿಕ್ಟ್ ಬೇರೆ, ಸ್ಕೂಲ್ ಬೇರೆ, ಟೌನ್‌ಶಿಪ್ ಬೇರೆ, ಎಷ್ಟೋ ಕಡೆ ಲೈಬ್ರರಿನೂ ಬೇರೆ, ಒಂದೊಂದಕ್ಕೂ ಬೇರೆ ಬೋರ್ಡು ಬೇರೆ ಟ್ಯಾಕ್ಸು. ಗೋರಂಟಿ ಅವ್ರು ಹೇಳಿದ ಲೈಬ್ರರಿ ಕಾರ್ಡ್ ವಿಷಯ ನಿಮ್ಮ ಕಮಿಷನ್ ಠರಾವು ಮಾಡಿದ್ರೆ ಆಗಲ್ಲ, ಲೈಬ್ರರಿ ಬೋರ್ಡ್ ಮೀಟಿಂಗಿಗೆ ಹೋಗಿ ಪಬ್ಲಿಕ್ ಕಾಮೆಂಟಲ್ಲಿ ಮಾತಾಡ್ಬೇಕು. ಹೋಗಿ, ಅಲ್ಲಿ ಜನಾನೇ ಬರಲ್ಲ, ಮೂರು ಜನ ಬಂದು ಕೇಳಿದ್ರೂ ಗಾಬರಿಯಾಗಿ ಮಾಡ್ಕೊಡ್ತಾರೆ.

ಟೌನ್‌ಶಿಪ್ ಅನ್ನೋದು ನಮ್ಮೋರಿಗೆ ಟ್ಯಾಕ್ಸ್ ಬಿಲ್ಲಲ್ಲಿ ಬಿಟ್ರೆ ಗೊತ್ತೇ ಇರಲ್ಲ. ಕೈಲಿ ಏನೂ ಇಲ್ದೋರಿಗೆ ಜನರಲ್ ಅಸಿಸ್ಟೆನ್ಸ್ ಅಂತ ದುಡ್ಡಿನ ನೆರವು ಕೊಡೋದು ಅವ್ರ ಕಾನೂನುಬದ್ಧ ಕೆಲಸ, ಯಾರಿಗೆ ಅನ್ನೋಕೆ ರೂಲ್ಸ್ ಇದೆ, ಜೊತೆಗೆ ಎಷ್ಟೋ ಕಡೆ ಫುಡ್ ಪ್ಯಾಂಟ್ರಿ (ಕಷ್ಟದಲ್ಲಿರೋರಿಗೆ ಪುಕ್ಕಟೆ ದಿನಸಿ ಕೊಡೋ ಜಾಗ), ವಯಸ್ಸಾದೋರಿಗೆ ವ್ಯಾನು ಎಲ್ಲಾ ನಡೆಸ್ತಾರೆ. ಕ್ಯೂನಲ್ಲಿ ನಿಂತೋರೇ, ಕೆಲಸ ಹೋದಾಗ ಪ್ಯಾಂಟ್ರಿಗೆ ಹೋಗೋಕೆ ನಮ್ಮೋರು ನಾಚ್ಕೋತಾರೆ, ಅಲ್ಲಿ ತೊಗರಿಬೇಳೆ ಸಿಗಲ್ಲ ಅದು ಬೇರೆ ವಿಷಯ.

ಆಮೇಲೆ ವಯಸ್ಸಾದೋರನ್ನ ಎಲ್ರೂ ಮರ್ತಿದೀರಿ. ಮಕ್ಕಳ ಜೊತೆ ಇರೋಕೆ ಬಂದ ಅಪ್ಪ ಅಮ್ಮ, ಬೆಳಿಗ್ಗೆ ವಾಕಿಂಗ್ ಹೋಗೋಣ ಅಂದ್ರೆ ಫುಟ್‌ಪಾತು ಅರ್ಧಕ್ಕೇ ನಿಂತಿರತ್ತೆ, ಕೂರೋಕೆ ಒಂದು ಬೆಂಚಿಲ್ಲ. ಮೆಟ್ರಾ ಟ್ರೈನು ಎಲ್ಲಾ ಡೌನ್‌ಟೌನ್ ಕಡೆಗೇ ಓಡತ್ತೆ, ಒಂದು ಸಬರ್ಬಿಂದ ಇನ್ನೊಂದಕ್ಕೆ ಹೋಗ್ಬೇಕಂದ್ರೆ ಪೇಸ್ ಬಸ್ಸು, ಅದೂ ಭಾನುವಾರ ಕಮ್ಮಿ. ಅರೋರಾ ಬಾಲಾಜಿ ದೇವಸ್ಥಾನಕ್ಕೆ ಹೋಗೋಕೆ ಮಗ ಶನಿವಾರ ಫ್ರೀ ಆಗೋದನ್ನೇ ಕಾಯ್ಬೇಕು. ಟೌನ್‌ಶಿಪ್‌ನ ಆ ವ್ಯಾನ್ ವಾರಕ್ಕೊಂದು ದಿನ ದೇವಸ್ಥಾನ, ಮಸೀದಿ, ಉಕ್ರೇನಿಯನ್ ಚರ್ಚ್ ಸುತ್ತಿ ಬರ್ಲಿ, ನೋಡಿ ಎಷ್ಟು ಜನ ಹತ್ತುತಾರೆ ಅಂತ.

ಗ್ರೀನ್ ಕಾರ್ಡ್ ಇರೋ ಹಿರಿಯರಿಗೆ ಸಿಟಿಜನ್‌ಶಿಪ್ ಬಗ್ಗೆ ಹೇಳೋರೂ ಇಲ್ಲ. 50 ವಯಸ್ಸಾಗಿ ಗ್ರೀನ್ ಕಾರ್ಡಲ್ಲಿ 20 ವರ್ಷ ಇದ್ರೆ, ಅಥವಾ 55 ಆಗಿ 15 ವರ್ಷ ಇದ್ರೆ, ಇಂಗ್ಲಿಷ್ ಪರೀಕ್ಷೆ ಇಲ್ಲ, ಸಿವಿಕ್ಸ್ ಪ್ರಶ್ನೆಗಳಿಗೆ ದುಭಾಷಿ ಕರ್ಕೊಂಡು ಹೋಗಿ ಕನ್ನಡದಲ್ಲೇ ಉತ್ತರ ಹೇಳ್ಬಹುದು. ಇಂಗ್ಲಿಷ್ ಬರಲ್ಲ ಅಂತ ಹೆದರಿ ಅರ್ಜಿನೇ ಹಾಕದೇ ಇರೋ ಅಮ್ಮಂದಿರು ನನಗೇ ಗೊತ್ತು.

ಬೆಣ್ಣೆದೋಸೆ_ಶಿಕಾಗೋ

ಅಬ್ಬಾ ಇಷ್ಟೊಂದು ನಿರೀಕ್ಷೆ ಮಾಡಿರ್ಲಿಲ್ಲ, ಥ್ಯಾಂಕ್ಸ್. ಸುಮ್ನೆ_ಓದ್ತಿರ್ತೀನಿ ಅವ್ರ ಊಹೆ ಸರಿ, ಒಬ್ರೂ ಇಲ್ಲ. ಮುಂದಿನ ಮೀಟಿಂಗನ್ನ ಆ ಅಪಾರ್ಟ್‌ಮೆಂಟಿನ ಕಮ್ಯುನಿಟಿ ರೂಮಲ್ಲೇ ಭಾನುವಾರ ಇಡೋಣ ಅಂತ ಕೇಳ್ತೀನಿ, ಮ್ಯಾನೇಜರ್ ಒಪ್ಪಬೇಕು. ಪೊಲೀಸ್ ವಿಷಯ ಬರೆದು ಹಾಕೋಕೆ ಬೋರ್ಡ್‌ನಲ್ಲಿ ಇಬ್ರು ತಕರಾರು ತೆಗೀತಾರೆ ಅಂತ ಈಗ್ಲೇ ಗೊತ್ತು, ಆದ್ರೂ ಅಜೆಂಡಾಕ್ಕೆ ಹಾಕ್ಸ್ತೀನಿ. ಗಿರ್ಮಿಟ್ ಅವರೇ, ಆ ಫೋನ್ ದುಭಾಷಿ ಸರ್ವಿಸ್‌ಗೆ ಸ್ಕೂಲ್ ಡಿಸ್ಟ್ರಿಕ್ಟ್ ಒಪ್ಪಂದದಲ್ಲೇ ವಿಲೇಜ್ ಸೇರ್ಕೊಳೋಕೆ ಆಗತ್ತಾ ಇಲ್ಲಾ ಬೇರೆ ಮಾಡ್ಬೇಕಾ?

ಗಿರ್ಮಿಟ್_ಗಿರಾಕಿ

ಅದು ಒಪ್ಪಂದ ಹೆಂಗ್ ಬರದಾರ ಅನ್ನೂದ್ರ ಮ್ಯಾಲೆ ಐತ್ರಿ, ಬ್ಯಾರೆ ಸರ್ಕಾರಿ ಸಂಸ್ಥಾದವ್ರು ಅದ ರೇಟಿಗೆ ಸೇರ್ಬೋದು ಅಂತ ಒಂದು ಸಾಲು ಇದ್ರ ಆತು. ಡಿಸ್ಟ್ರಿಕ್ಟ್ ಬಿಸಿನೆಸ್ ಆಫೀಸಿಗೆ ಮೇಲ್ ಹಾಕ್ರಿ, ಕಾಪಿ ಕೇಳ್ರಿ, ಪಬ್ಲಿಕ್ ರೆಕಾರ್ಡ್ ಅದು, ಕೊಡಲೇಬೇಕು. ಮತ್ತ ಕ್ಲರ್ಕ್ ಟೇಬಲ್ ಮ್ಯಾಲೆ ನಂಬರ್ ಅಂಟಸೂದು ಮರೀಬ್ಯಾಡ್ರಿ.